ಬೆಳಗ್ಗೆ ಎದ್ದು ಕಾಣುವ ಮುಖ

ಹಾಲಿನ ಕ್ಯಾನುಗಳ ಮುಚ್ಚಳವನ್ನು ಡೈರಿಯ ಕಟ್ಟೆಗೆ ಡಬಡಬ ಬಡಿಯುತ್ತಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ದೇವಲಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹಾಲಿನ ಸಂಘಕ್ಕೆ ಡೈರಿ ಅಂತಲೇ ಹೆಸರು. ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಆ ಊರಿಗೆ ಸೊಸೆಯಾಗಿ ಬಂದ ನಾನು ಆಗ ಅದರ ಅಧ್ಯಕ್ಷೆ. ಹಾಲು ಅಳೆದು ಟೆಸ್ಟ್ ಮಾಡುವ ಕೆಲಸಕ್ಕೆ ನಮ್ಮೂರಿನ ಹುಡುಗಿಯೊಬ್ಬಳನ್ನು ತೆಗೆದುಕೊಂಡಿದ್ದೆವು. ಹುಟ್ಟಿನಿಂದ ಅವಳ ಎಡಗಾಲಿಗೆ ಬಲವಿಲ್ಲ, ಊರುಗೋಲು ಬೇಕು. ಆ ಬೆಳಗಿನ ಗಲಾಟೆ ಅದಕ್ಕೇ.

"ಬೆಳಗಾಗೆದ್ದು ಇವಳ ಮೊಕ ನೋಡ್ಬುಟ್ಟು ಹಾಲ್ ಹಾಕಿದ್ರೆ ಏಳ್ಗೆ ಆಯ್ತದಾ? ಸಂಜೆಗೆ ಕೂರುಸ್ಕಳಿ ಮೇಡಮ್ಮೋರೆ," ಎಂದ ಸಾಲಿನ ಮುಂದಿದ್ದ ಯಜಮಾನ.

ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯೊಳಗಿಂದ ಅವಳೆಂದಳು: "ನಿನ್ನೆಮ್ಮೆ ದಿನಾ ಬೆಳಗ್ಗೆ ನಿನ್ ಮೊಕ ನೋಡ್ಕಂಡೂ ಹಾಲ್ ಕೊಡ್ತಾ ಇಲ್ವಾ ಮಾವ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಗಂಡಸರು ಕ್ಯಾನೆತ್ತಿಕೊಂಡು ಪಕ್ಕದೂರಿನ ಡೈರಿಗೆ ಹೊರಟೇಬಿಟ್ಟರು.

ಅಂದೇ ಮೀಟಿಂಗು. ನಿರ್ದೇಶಕರಿಗೆಲ್ಲ ಒಂದು ಕಾಂಪ್ರೊಮೈಸ್ ಬೇಕಿತ್ತು. ಕಿಟಕಿಗೆ ಪರದೆ ಕಟ್ಟುವುದು, ಅವಳು ಮುಖ ತೋರಿಸದೆ ಒಳಗೇ ಕೂತು ಕೆಲಸ ಮಾಡುವುದು. ಒಪ್ಪದಿದ್ದರೆ ಬೇರೆಯವರನ್ನು ನೋಡುವುದು. "ಎಲ್ಲಾ ಅವಳ ಒಳ್ಳೇದಕ್ಕೇ ಕಣಮ್ಮ," ಎಂದರು. ಹೌ ವೆರಿ ಕೈಂಡ್! ಚಾರಿಟಿ ಅಂದರೇನು ಅಂತ ಕಾನ್ವೆಂಟಿನ ಸಿಸ್ಟರುಗಳು ನನಗೆ ಬೇಕಾದಷ್ಟು ಹೇಳಿಕೊಟ್ಟಿದ್ದರು. ಅವಳು ಕೇಳಿದ್ದು ಚಾರಿಟಿಯಲ್ಲ, ಕೆಲಸ.

"ನಥಿಂಗ್ ಡೂಯಿಂಗ್. ಅವಳು ಹೋದರೆ ನಾನೂ ಹೋಗುತ್ತೇನೆ," ಎಂದೆ.

ಆದರೂ ಮಾರನೆಯ ಬೆಳಗ್ಗೆ ಕಿಟಕಿಗೆ ಯಾರೋ ಹೂವಿನ ಚಿತ್ರದ ಪರದೆ ಕಟ್ಟಿದ್ದರು. ಅವಳು ಬಂದಳು, ನೋಡಿದಳು, ಗೋಡೆಗೊರಗಿ ನಿಂತು ಊರುಗೋಲಿನ ತುದಿಯಿಂದಲೇ ಅದನ್ನು ಎಳೆದು ಕೆಡವಿದಳು. ಆಮೇಲೆ ಅದರಲ್ಲೇ ಕಟ್ಟೆ ಒರೆಸಿದಳು. "ಒಳ್ಳೇ ಬಟ್ಟೆ ಮೇಡಂ, ನೀರ್ ಚೆನ್ನಾಗ್ ಎಳ್ಕತದೆ."

ಪಕ್ಕದೂರಿನಲ್ಲಿ ನಮ್ಮೂರ ಗಂಡಸರನ್ನು ದಿನವೂ ಸಾಲಿನ ಕೊನೆಗೆ ನಿಲ್ಲಿಸಿದರಂತೆ. ಒಬ್ಬೊಬ್ಬರಾಗಿ ವಾಪಸು ಬಂದರು. ಸಾರಿ ಗೀರಿ ಏನಿಲ್ಲ. ಯಜಮಾನ ಮಾತ್ರ ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡೇ ಹಾಲು ಸುರಿದ. ಅರ್ಧ ಕಟ್ಟೆಯ ಮೇಲೆ.

"ಈ ಕಡೆ ನೋಡ್ ಮಾವ, ಹಾಲೆಲ್ಲಾ ನಾಯಿ ಪಾಲಾಯ್ತಾ ಅದೆ!"

ನೋಡಿದ. ನೋಡಲೇಬೇಕಾಯಿತು.

ವಯಸ್ಸಾಗಿ ಒಂಟಿಯಾದ ಮೇಲೆ ನಾನು ಶ್ರೀರಂಗಪಟ್ಟಣದ ತಂಗಿಯ ಮನೆಗೆ ಬಂದು ಸೇರಿ ಕೆಲವು ವರ್ಷಗಳಾದವು. ಹೊರಟ ದಿನ ಬೆಳಗ್ಗೆ ಬ್ಯಾಗು ಹಿಡಿದು ಡೈರಿಯ ಕಿಟಕಿಯ ಮುಂದೆ ನಿಂತೆ. ಏನೋ ದೊಡ್ಡ ಮಾತು ಹೇಳಬೇಕೆಂದಿದ್ದೆ. ಅವಳು ಅಳತೆಯಿಂದ ಕಣ್ಣೆತ್ತಲಿಲ್ಲ.

"ಮೇಡಂ, ವಸಿ ಪಕ್ಕಕ್ ನಿಂತ್ಕಳಿ. ಜನ ಕಾಯ್ತಾವ್ರೆ."

ನಾನು ಪಕ್ಕಕ್ಕೆ ಸರಿದೆ.