ಟಗರು ಉಳಿಸಿದ ಹಲ್ಲು

ಮೂರು ವರ್ಷದ ಕೆಳಗೆ, ನನಗಾಗ ಅರವತ್ತೆಂಟು. ದವಡೆ ಹಲ್ಲು ನೋವೆಂದು ಬಿಂಡಿಗನವಿಲೆಯಿಂದ ನಾಗಮಂಗಲಕ್ಕೆ ಹೋಗಿದ್ದೆ. ನನಗಿಂತ ಮುಂದೆ ರೇಷ್ಮೆ ಸೀರೆಯ ಹೆಂಗಸೊಬ್ಬಳಿದ್ದಳು. ಹಲ್ಲಿನ ಡಾಕ್ಟರು ಅವಳಿಗೆ, "ಹುಳುಕು ತೆಗೆದು ಕ್ಯಾಪ್ ಹಾಕಿದ್ರೆ ಹಲ್ಲು ಉಳಿಯುತ್ತೆ" ಎಂದರು. ನನಗೆ, "ಕಿತ್ತುಬಿಡೋಣ ಅಜ್ಜಿ, ಈ ವಯಸ್ಸಲ್ಲಿ ಖರ್ಚು ಯಾಕೆ" ಎಂದು ಇಕ್ಕಳ ಎತ್ತಿದರು. ನಾನು ಬಾಯಿ ಮುಚ್ಚಿ ಎದ್ದು ಕೂತೆ.

"ನಾನು ಕುರಿ ಸಾಕೋಳು ಕಣಪ್ಪ. ನಾವು ಹಲ್ಲು ನೋಡಿ ಕುರಿಗೆ ಬೆಲೆ ಕಟ್ತೀವಿ. ನೀನು ಸೀರೆ ನೋಡಿ ಹಲ್ಲಿಗೆ ಬೆಲೆ ಕಟ್ತಾ ಇದ್ದೀಯಲ್ಲ. ಇದು ಉಳಿಯೋ ಹಲ್ಲೋ ಅಲ್ವೋ, ಅಷ್ಟು ಯೋಳು."

ಡಾಕ್ಟರು ಮತ್ತೆ ದೀಪ ಹಿಡಿದು ನೋಡಿ, "ಉಳಿಯುತ್ತೆ" ಎಂದರು.

ಈಗಲೂ ಹುರಿದ ಹುರುಳಿಕಾಳನ್ನು ಆ ಹಲ್ಲಲ್ಲೇ ಅಗಿಯುತ್ತೇನೆ. ಅವತ್ತು ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಮಾರನೆ ಬೆಳಿಗ್ಗೆ ಕ್ಯಾಪಿನ ಖರ್ಚಿಗೆ ಒಂದು ಟಗರು ಮಾರಿ, ಅದೇ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತೆ.