ಸಪ್ಪಳಿಲ್ಲದ ಸ್ವಾಗತ ಗೀತೆ

ದೋಸ್ತರೇ, ಇವತ್ತ ನಮ್ಮ ಹುಮನಾಬಾದ್ ಹೈಸ್ಕೂಲಿನ್ಯಾಗ ಆದ ಮಜಾ ಕೇಳ್ರಿ. ನಾ ಅಲ್ಲಿ ಸಂಗೀತ ಮಾಸ್ತರ. ನನ್ನ ಪಿರಿಯಡ್ ಶುರು ಆದ್ರ ಸಾಕು, ಹೆಡ್‌ಮಾಸ್ತರ ಓಡಿ ಬರ್ತಾರ: "ಬಾಜೂಕ ಗಣಿತ ನಡದದ. ಹುಡುಗ್ರಿಗಿ ಮನಸ್ಸಿನ್ಯಾಗ ಹಾಡಾಕ ಹೇಳ್ರಿ!" ಸಾಹೇಬ್ರು ಬರೋ ದಿನ ಮಾತ್ರ ಇವ್ರಿಗಿ ಸಂಗೀತ ಬೇಕು. ಅದಕ್ಕ ಸ್ವಾಗತ ಗೀತೆನೂ ಹಂಗೇ, ಬರೇ ಬಾಯಿ ಆಡಿಸಿ ಕಲ್ಸಿದೆ.

ಇವತ್ತ ಬಸವಕಲ್ಯಾಣದಿಂದ ಅತಿಥಿ ಸಾಹೇಬ್ರು ಬಂದ್ರು. ಹುಡುಗ್ರು ಸ್ಟೇಜ್ ಮ್ಯಾಲ ನಿಂತು ಚಂದಾಗಿ ಬಾಯಿ ತಗದ್ರು, ಕೈ ಮುಗದ್ರು. ದನಿ ಮಾತ್ರ ಇಲ್ಲ.

ಹೆಡ್‌ಮಾಸ್ತರ ಮೈಕಿನವನ ಮ್ಯಾಲ ಹರಿಹಾಯ್ದ್ರು: "ಏ, ಮೈಕ್ ಯಾಕ ಬಂದ್ ಮಾಡೀದಿ?"

"ಮೈಕ್ ಚಾಲೂ ಅದರಿ ಸರ್. ಹುಡುಗ್ರೇ ಬಂದ್ ಆಗ್ಯಾರ."

ಆಮ್ಯಾಲ ಹೆಡ್‌ಮಾಸ್ತರ ನನ್ನ ಕಡಿ ತಿರುಗಿ ಕಣ್ಣು ಕೆಂಪಗ ಮಾಡಿದ್ರು. "ನೀವ್ ಹೇಳಿದಾಂಗ ಮನಸ್ಸಿನ್ಯಾಗ ಹಾಡಾಕತ್ತಾರ್ರಿ ಸರ್," ಅಂದೆ.

ಅಲ್ಲೀತನಕ ಮೊಬೈಲಿನ್ಯಾಗ ಮುಳುಗಿದ್ದ ಸಾಹೇಬ್ರು ಎದ್ದು ಭಾಷಣ ಶುರು ಮಾಡಿದ್ರು: "ಇಂಥಾ ಸ್ವಾಗತ ಗೀತೆ ನಾ ಎಲ್ಲೂ ಕೇಳಿಲ್ಲ!"

ಇಡೀ ಕಾರ್ಯಕ್ರಮದಾಗ ಖರೇ ಮಾತು ಅದೊಂದೇ.