ಒಂದು ಮೊರ ನುಚ್ಚಿನ ಹೆಸರು

ಅವಳ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಂಗ ಬಿಟ್ಟು, ಪಾಲು ಹಂಚಿಕೊಂಡ ಅಣ್ಣನ ಹಾಗೆ ದೂರ ನಿಂತಿತ್ತು. ಹರಗೋಲಿನ ತಳದ ಬಿದಿರನ್ನು ಆ ಬೆರಳಿನಿಂದ ಅವುಚಿ ಹಿಡಿದು, ಮೈ ಮುಂದಕ್ಕೆ ಬಾಗಿಸಿ ಹುಟ್ಟು ಹಾಕುತ್ತಿದ್ದಳು. ಬಲಗಾಲೇ ಹೌದೇ ಎಂದು ಯಾರಾದರೂ ಗಟ್ಟಿಸಿ ಕೇಳಿದರೆ ತಡವರಿಸುತ್ತೇನೆ. ದಂಡೆಯ ಮೇಲೆ ನಿಂತು ನೆನೆಸಿಕೊಂಡರೆ ಬಲಗಾಲು. ಹರಗೋಲಿನಲ್ಲಿ ಅವಳೆದುರು ಕುಳಿತು ನೆನೆಸಿಕೊಂಡರೆ ಎಡಗಾಲು. ಬೆರಳು ಮಾತ್ರ ನಿಜ.

ನಮ್ಮ ಮನೆಯಲ್ಲಿ ಅವಳನ್ನು ಹೊಳಿಯವ್ವ ಎನ್ನುತ್ತಿದ್ದರು. ಸೇಡಂ ಬಳಿ ಕಾಗಿಣಾ ಹೊಳೆಯಲ್ಲಿ ಮಳೆಗಾಲದುದ್ದಕ್ಕೂ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದಳು. ಗಂಡ ಸತ್ತ ಮೇಲೆ ಹುಟ್ಟು ಅವಳ ಕೈಗೆ ಬಂದಿತ್ತು. ಬೇಸಿಗೆಯಲ್ಲಿ ನೀರು ಮೊಣಕಾಲಿಗಿಳಿದು ಜನ ತಾವೇ ನಡೆದು ದಾಟುವಾಗ, ಹೊಳೆಯ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದಳು. ಊರಿಗೆಲ್ಲ ಅವಳು ಇಷ್ಟೇ. ನನಗೆ ಇನ್ನೂ ಒಂದಾಗಿದ್ದಳು: ನನ್ನನ್ನು ಕೊಂಡವಳು.

ನನಗಿಂತ ಮುಂಚೆ ನಮ್ಮವ್ವ ಹೆತ್ತ ಮೂವರೂ ತೊಟ್ಟಿಲು ದಾಟಲಿಲ್ಲ. ಹೀಗೆ ಮಕ್ಕಳು ನಿಲ್ಲದ ಮನೆಯವರು ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ ಬೇರೆ ಯಾರಿಗಾದರೂ ಮಾರುವುದುಂಟು. ಕೊಂಡವರು ಒಂದು ಮೊರ ತೌಡು ಕೊಡುತ್ತಾರೆ. ಕೂಸಿಗೆ ತೌಡಪ್ಪ ಎಂದೋ ತೌಡವ್ವ ಎಂದೋ ಹೆಸರಾಗುತ್ತದೆ. ಆಮೇಲೆ ಕೂಸು ಹೆತ್ತವಳ ಮಡಿಲಿಗೇ ಮರಳಿ ಅಲ್ಲೇ ಬೆಳೆಯುತ್ತದೆ, ಆದರೆ ಅದು ಕೊಂಡವಳ ಕೂಸು. ತೌಡಿನ ಬೆಲೆಯ ಜೀವವನ್ನು ಜವರಾಯ ಕಣ್ಣೆತ್ತಿಯೂ ನೋಡುವುದಿಲ್ಲ ಎಂಬ ನಂಬಿಕೆ. ನಮ್ಮಪ್ಪ ಸೇಡಂ ಪೇಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟವನು, ಲಿಂಗಪೂಜೆ ಮಾಡದೆ ನೀರೂ ಮುಟ್ಟದವನು, ಇಂಥದ್ದಕ್ಕೆಲ್ಲ ಒಪ್ಪುವವನಲ್ಲ. ಮೂರು ಕೂಸು ಮಣ್ಣಿಗಿಟ್ಟ ಮೇಲೆ ಅವನೂ ಸುಮ್ಮನಾಗಿದ್ದ.

ಅವ್ವ ನನ್ನನ್ನು ಮೊರದಲ್ಲಿಟ್ಟುಕೊಂಡು ಹೊಳೆಗೆ ಹೋದಳು. ಇದನ್ನು ಅವ್ವ ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದಳು. ಒಂದರಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು, ಇನ್ನೊಂದರಲ್ಲಿ ಬತ್ತಿತ್ತು. ಒಂದರಲ್ಲಿ ಅಪ್ಪ ಜೊತೆಗಿದ್ದ, ಇನ್ನೊಂದರಲ್ಲಿ ಅಂಗಡಿ ಬಿಟ್ಟು ಏಳಲೇ ಇಲ್ಲ. ಬದಲಾಗದೆ ಉಳಿದದ್ದು ಹೊಳಿಯವ್ವನ ಮಾತು ಒಂದೇ. ಅವಳು ತೌಡಿನ ಬದಲು, ಅಂದು ಒಲೆಗಿಡಬೇಕೆಂದಿದ್ದ ಜೋಳದ ನುಚ್ಚನ್ನು ಮೊರದ ತುಂಬ ತಂದು ಸುರಿದಳಂತೆ.

"ತೌಡಪ್ಪಗೋಳು ಊರಿಗಿ ನಾಕು ಮಂದಿ ಅದಾರ, ತಾಯಿ. ಜವರಾಯಗ ಆ ಹೆಸರು ಬಾಯಿಪಾಠ ಆಗ್ಯಾದ. ನುಚ್ಚಪ್ಪ ಅಂದ್ರ ಯಾರಂತ ಅವಗ ತಿಳಿಯಂಗಿಲ್ಲ."

ಮತ್ತೆ ಬೇರೆ ಯಾರಿಗಾದರೂ ಇದೇ ಹೆಸರು ಇಟ್ಟರೆ ಎಂದು ಅವ್ವ ಕೇಳಿದಳು. ಹೊಳಿಯವ್ವ ನೀರು ಮುಟ್ಟಿ ಹೇಳಿದಳು: "ಗಂಗವ್ವನ ಆಣಿ. ಈ ಹೆಸರು ಇವನಿಗೊಬ್ಬನಿಗೇ."

ನಾನು ಬದುಕಿದೆ.

ನಿಜಾಮರ ಅಮಲು ಮುಗಿದು, ಅಲ್ಲಿಯವರೆಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರು ಕನ್ನಡದಲ್ಲಿ ಹೇಳತೊಡಗಿದ ಹೊಸತರಲ್ಲಿ ನನ್ನನ್ನು ಶಾಲೆಗೆ ಹಾಕಿದರು. ಮೊದಲ ದಿನವೇ ಮಾಸ್ತರರು ಮೂಗಿನ ಮೇಲಿನ ಚಾಳೀಸು ಏರಿಸಿ, "ಏನಪಾ, ಇದು ಹೆಸರೋ ನಾಷ್ಟಾನೋ?" ಎಂದರು. ಅಂದಿನಿಂದ ಹುಡುಗರು ನನ್ನನ್ನು ಕಂಡಾಗಲೆಲ್ಲ ಮಜ್ಜಿಗೆ ತಂದಿದ್ದೀಯಾ ಎಂದು ಕೇಳುತ್ತಿದ್ದರು. ನಾನು ಅಳುತ್ತ ಹೊಳೆಗೆ ಓಡಿದೆ. ಹೊಳಿಯವ್ವ ತಂಬಾಕು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿಕೊಂಡಳು.

"ನಗಲಿ ಬಿಡಲೇ. ನಕ್ಕೋರ ಹೆಸರು ಜವರಾಯಗ ಗೊತ್ತದ. ನಿಂದು ಗೊತ್ತಿಲ್ಲ."

ಆ ಮಾತಿನ ಮೇಲೆ ನಾನು ಎರಡು ಮೂರು ವರ್ಷ ದೊರೆಯ ಹಾಗೆ ನಡೆದೆ. ಬಸಪ್ಪಂದಿರು, ಮಲ್ಲಪ್ಪಂದಿರು, ಕಾಶೀಮರು, ವೆಂಕಟಪ್ಪಂದಿರು ಎಲ್ಲರೂ ಸಾಯುವವರು. ನಾನು ಒಬ್ಬನೇ ಪಟ್ಟಿಯಲ್ಲಿ ಇಲ್ಲದವನು.

ಹೊಳಿಯವ್ವನ ಬಾಯಿಗೆ ಯಾರೂ ಹೊರತಾಗಿರಲಿಲ್ಲ. ಚಿತ್ತಾಪುರಕ್ಕೆ ಹೊರಟ ಒಬ್ಬ ದಪ್ಪ ಸಾಹುಕಾರರು ಹರಗೋಲಿನ ಅಂಚಿಗೆ ಕುಳಿತಾಗ, "ಸಾಹುಕಾರ್ರ, ನಿಮ್ಮ ಹೊಟ್ಟಿ ನಡುವ ಇಡ್ರಿ, ನೀವು ಬೇಕಾದಲ್ಲಿ ಕುಂದ್ರಿ" ಎಂದಳು. ಹೊಳೆ ಏರುತ್ತದೋ ಇಳಿಯುತ್ತದೋ ಎಂದು ನೀರು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ ಉಗುಳಿ ಹೇಳುತ್ತಿದ್ದಳು. ಅರ್ಧಕ್ಕರ್ಧ ತಪ್ಪುತ್ತಿತ್ತು. ತಪ್ಪಿದ್ದನ್ನು ಯಾರೂ ನೆನಪಿಡುತ್ತಿರಲಿಲ್ಲ.

ಪಂಚಮಿಗೆ ಎಲ್ಲರೂ ತವರಿಗೆ ಹೋಗುತ್ತಾರೆ, ನೀನೂ ಬಾ ಎಂದು ಪ್ರತಿವರ್ಷ ಕರೆಯುತ್ತಿದ್ದಳು. ಮಾರಿದ ಕೂಸು ಕೊಂಡವಳ ಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ತುತ್ತು ಉಣ್ಣಬೇಕು. ನಮ್ಮ ಮನೆಯ ಮಡಿಗೆ ಕುಂದಾಗದಿರಲೆಂದು ಅವಳು ಹೊಸ ಮಡಕೆ ತರುತ್ತಿದ್ದಳು, ನನ್ನ ಎರಡು ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಅದರಲ್ಲಿ ನುಚ್ಚು ಬೇಯಿಸಿ, ಮೇಲೆ ಪುಂಡಿ ಪಲ್ಯ ಹಾಕಿ, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ನನ್ನನ್ನು ಕೂರಿಸಿ, ಉಂಡು ಮುಗಿಯುವತನಕ ಎದುರಿಗೇ ಕುಳಿತಿರುತ್ತಿದ್ದಳು. ಮನೆಯಲ್ಲಿ ಯಾರೂ ನನ್ನ ಊಟವನ್ನು ಹಾಗೆ ನೋಡಿದ್ದಿಲ್ಲ.

ಒಂದು ವರ್ಷ ಹೋದಾಗ ಒಲೆಯ ಮೇಲೆ ದೊಡ್ಡ ಮಡಕೆ ಇತ್ತು.

ನನಗೆ ಮೊದಲು ಕಂಡದ್ದು ಮಡಕೆಯೇ, ಮಕ್ಕಳಲ್ಲ. ಮಕ್ಕಳು ಗೋಡೆಯ ನೆರಳಿನಲ್ಲಿ ಸಾಲಾಗಿ ಕುಳಿತಿದ್ದರು. ಒಬ್ಬ ತೆಂಗಳಿಯವನು, ಅವನ ಕೊರಳಲ್ಲಿ ಕರಿದಾರ. ಇನ್ನೊಬ್ಬ ಸುಲೇಪೇಟ ಕಡೆಯವನು, ತಾಯಿಯ ತೊಡೆಯ ಮೇಲೆ. ಇನ್ನೂ ಇದ್ದರೋ ಇಲ್ಲವೋ. ಅಂದು ಎಣಿಸಲಿಲ್ಲ, ಆಮೇಲೆ ಎಣಿಸಿದ್ದನ್ನು ನಂಬುವುದಿಲ್ಲ. ಹೊಳಿಯವ್ವ ಸೌಟು ಹಿಡಿದು ಬಾಗಿಲಿಗೆ ಬಂದು, ನುಚ್ಚ್ಯಾ ಬಾರೋ ಎಂದು ಕರೆದಳು. ನಾನು ಎದ್ದೆ. ಕರಿದಾರದ ಹುಡುಗನೂ ಎದ್ದ. ತೊಡೆಯ ಮೇಲಿನ ಕೂಸು ತಲೆ ಎತ್ತಿತು.

"ನಿನ್ನ ತಮ್ಮಂದ್ರು" ಎಂದು ಹೊಳಿಯವ್ವ ಬಾಯಿತುಂಬ ನಕ್ಕಳು.

ಹೊಳೆ ದಾಟುವ ತಾಯಂದಿರೆಲ್ಲ ನನ್ನನ್ನು ಕಂಡಿದ್ದರು. ಮೂರು ಮಕ್ಕಳು ಹೋದ ಮನೆಯಲ್ಲಿ ನಾಲ್ಕನೆಯದು ಕೋಣನ ಹಾಗೆ ಬೆಳೆದಿದೆ. ಏನು ಹೆಸರು, ಯಾರು ಇಟ್ಟರು ಎಂದು ಕೇಳಿದ್ದರು. ನಾನು ಬದುಕಿದ್ದೇ ಆ ಹೆಸರಿನ ಖ್ಯಾತಿ. ಒಂದೊಂದು ಕೂಸಿಗೆ ಅವಳಿಗೆ ಒಂದೊಂದು ಕುಪ್ಪಸದ ಕಣ ಬರುತ್ತಿತ್ತು ಎಂದು ಪೇಟೆಯವರು ಹೇಳುತ್ತಿದ್ದರು. ಅವಳು ಹೊಸ ಕುಪ್ಪಸ ತೊಟ್ಟದ್ದನ್ನು ನಾನು ನೋಡಿಲ್ಲ, ಆದರೆ ನೋಡಿದಂತೆ ಬಹಳ ವರ್ಷ ಹೇಳುತ್ತ ಬಂದೆ.

ಅಂದು ಉಣ್ಣದೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಮರುದಿನವೂ ನೋಡಿದಳು. ಅಲ್ಲಿಂದ ಮುಂದೆ ದಿನವೂ, ಶಾಲೆಗೆ ಹೋಗುವಾಗ, ಬಂದಾಗ, ಉಣ್ಣುವಾಗ. ನಾನೂ ಗೆಳೆಯರು ನೋಡದಾಗ ನನ್ನ ಹಣೆ ಮುಟ್ಟಿ ನೋಡಿಕೊಳ್ಳತೊಡಗಿದೆ.

ಚಳಿಗಾಲದಲ್ಲಿ ತೆಂಗಳಿಯ ರೈತನೊಬ್ಬ ತೊಗರಿ ಮಾರಲು ಅಂಗಡಿಗೆ ಬಂದ. ಅಂಗಡಿಯ ಹಿಂದೆಯೇ ನಮ್ಮ ಮನೆ. ಅವ್ವ ನನಗೆ ರೊಟ್ಟಿ ಬಡಿಸುತ್ತಿದ್ದಳು. ಗೋಡೆಯಾಚೆ ಆ ರೈತ ಅಪ್ಪನಿಗೆ ಊರ ಸುದ್ದಿ ಹೇಳುತ್ತ, "ನುಚ್ಚಪ್ಪ ಹೋದ್ನಲ್ರಿ, ಎರಡೇ ದಿನದ ಜ್ವರ" ಎಂದ. ಅವ್ವ ರೊಟ್ಟಿ ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದಳು. ಸತ್ತವನು ನಾನಲ್ಲ ಎಂದು ತಿಳಿಯಲು ಅವಳಿಗೆ ಬೇಕಾದ ಆ ಗಳಿಗೆ ನನ್ನ ಮೈಯಿಂದ ಇನ್ನೂ ಹೋಗಿಲ್ಲ.

ಜವರಾಯನಿಗೆ ಹೆಸರು ತಿಳಿದುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಅವ್ವ ಮೊರದ ತುಂಬ ನುಚ್ಚು ಹಾಕಿಕೊಂಡು, ನನ್ನ ರಟ್ಟೆ ಹಿಡಿದು ಹೊಳೆಗೆ ನಡೆದಳು. ಹೊಳಿಯವ್ವ ಹರಗೋಲು ಬೋರಲು ಹಾಕಿ ತೊಗಲಿಗೆ ಎಣ್ಣೆ ಸವರುತ್ತಿದ್ದಳು. ಅವ್ವ ಮೊರವನ್ನು ಅವಳ ಕಾಲ ಬಳಿ ಇಟ್ಟು, ನಿನ್ನ ನುಚ್ಚು ನಿನಗೆ, ನನ್ನ ಮಗ ನನಗೆ ಎಂದಳು. ಹೊಳಿಯವ್ವ ಕೈ ಒರೆಸಿಕೊಂಡು ಎದ್ದಳು.

"ಸಾಯೋ ಕೂಸು ಎತ್ಕೊಂಡು ಬಂದು ನಿಂದರ್ತಾರ, ತಾಯಿ. ಇಲ್ಲ ಅಂತ ಹ್ಯಾಂಗ ಅನ್ಲಿ? ಹೊಳಿ ಒಬ್ಬನ್ನೇ ದಾಟಸ್ತೀನಿ ಅಂದ್ರ ನಡೀತದೇನು?"

"ನಾ ಹೊಳಿ ಕೇಳ್ಲಿಲ್ಲ. ನಿನ್ನ ಮಾತು ಕೇಳೀನಿ. ನೀರು ಮುಟ್ಟಿ ಆಣಿ ಮಾಡಿದ್ದಿ."

ಹೊಳಿಯವ್ವ ನನ್ನ ಕಡೆ ನೋಡಿದಳು, ನಾನು ಏನಾದರೂ ಹೇಳುತ್ತೇನೆ ಎಂಬಂತೆ. ನನಗೆ ಅವಳ ಮೇಲಿದ್ದ ಸಿಟ್ಟು ಅವ್ವನದಕ್ಕಿಂತ ದೊಡ್ಡದಾಗಿತ್ತು. ಅವ್ವ ಕಳೆದುಕೊಂಡದ್ದು ಒಂದು ಆಣೆಯ ಮಾತು. ನಾನು ಕಳೆದುಕೊಂಡದ್ದು ನನ್ನೊಬ್ಬನ ಊಟವನ್ನೇ ನೋಡುತ್ತ ಕೂರುತ್ತಿದ್ದವಳನ್ನು.

ಅವಳು ಮೊರ ಎತ್ತಿ ನುಚ್ಚನ್ನೆಲ್ಲ ಹೊಳೆಗೆ ಸುರಿದದ್ದು ನನ್ನ ಕಣ್ಣಿಗೆ ಕಟ್ಟಿದೆ. ನೀರು ಅದನ್ನು ಸುತ್ತಿಸಿ ಒಯ್ದದ್ದೂ ಕಾಣುತ್ತದೆ. ಆದರೆ ಅವ್ವ ಹೇಳುವಂತೆ ಅವಳು ಮೊರವನ್ನು ಸೊಂಟಕ್ಕಿಟ್ಟುಕೊಂಡು ಮನೆಯೊಳಗೆ ಹೋದಳು, ಅಷ್ಟೇ. ಅವ್ವನದೇ ಸರಿಯಿರಬೇಕು. ಬಡವರು ನುಚ್ಚನ್ನು ಹೊಳೆಗೆ ಸುರಿಯುವುದಿಲ್ಲ, ನೆನಪು ಸುರಿಯುತ್ತದೆ.

ಆ ವಾರವೇ ಸೋದರತ್ತೆಯನ್ನು ಕರೆಸಿ ಕಿವಿಯಲ್ಲಿ ಹೊಸ ಹೆಸರು ಹೇಳಿಸಿದರು. ಶರಣಬಸಪ್ಪ. ನಮ್ಮ ಓಣಿಯಲ್ಲಿ, ನಮ್ಮ ತರಗತಿಯಲ್ಲಿ, ಅಪ್ಪನ ಗಿರಾಕಿಗಳಲ್ಲಿ, ಎಲ್ಲೆಲ್ಲೂ ಶರಣಬಸಪ್ಪಂದಿರು. ನನ್ನ ಹೆಸರು ಇನ್ನಿಬ್ಬರಿಗೆ ಹೋಯಿತೆಂದು ಉರಿದವನಿಗೆ ಅರ್ಧ ಜಿಲ್ಲೆಯ ಹೆಸರು ಬಂತು.

ಮುಂದಿನ ಮಳೆಗಾಲ ಅಪ್ಪನ ಜೊತೆ ಹೊಳೆ ದಾಟಬೇಕಾಯಿತು. ಹೊಳಿಯವ್ವ ಎಲ್ಲರನ್ನೂ ಕೂರಿಸಿದಳು. ನನ್ನ ಸರದಿ ಬಂದಾಗ, ಏನಲೇ ಎನ್ನಬಹುದು, ಬೈಯಬಹುದು ಎಂದು ಕಾದೆ.

"ಇತ್ತ ಬರ್ರಿ" ಎಂದಳು. "ನಡುವ ಕುಂದ್ರಿ."

ಹತ್ತು ವರ್ಷದ ಹುಡುಗನಿಗೆ ಪರರಿಗೆ ಕೊಡುವ ಮರ್ಯಾದೆ. ಆಚೆ ದಂಡೆ ಬರುವತನಕ ಅವಳ ಕಾಲ ಬೆರಳನ್ನೇ ನೋಡುತ್ತ ಕುಳಿತೆ.

ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಮೈಸೂರಿಗೆ ಸೇರುತ್ತದಂತೆ ಎಂದು ಪೇಟೆಯಲ್ಲಿ ಎಲ್ಲರೂ ಮಾತಾಡುತ್ತಿದ್ದ ವರ್ಷ ಅವಳು ತೀರಿಕೊಂಡಳು. ಹೊಳೆಯಲ್ಲಲ್ಲ, ಮನೆಯಲ್ಲಿ, ಚಳಿಜ್ವರ ಬಂದು. ಅವಳು ಕೊಂಡ ಮಕ್ಕಳಲ್ಲಿ ಹೊಳೆಯ ಈಚೆ ದಂಡೆಯವರಿಗೆ ಹೇಳಿ ಕಳಿಸಿದ್ದರಂತೆ. ಒಬ್ಬೊಬ್ಬರೂ ಒಂದು ಮುಷ್ಟಿ ನುಚ್ಚು ಅವಳ ಜೊತೆ ಮಣ್ಣಿಗೆ ಹಾಕಿದರಂತೆ. ನನಗೆ ಯಾರೂ ಹೇಳಲಿಲ್ಲ. ನಾನು ಅವಳ ಮಗನಾಗಿರಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಅಪ್ಪ ನನ್ನನ್ನು ಓದಲು ಕಲಬುರ್ಗಿಗೆ ಕರೆದೊಯ್ದ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಪ್ಪ ಚಹಾ ತರಲು ಹೋಗಿದ್ದ. ಹಿಂದಿನಿಂದ ಒಬ್ಬ ಹೆಂಗಸಿನ ದನಿ, "ಏ ನುಚ್ಚಪ್ಪಾ, ಗಾಡಿ ಬರ್ಲಿಕತ್ತದ, ಇತ್ತ ಬಾ" ಎಂದಿತು. ನನ್ನ ಕತ್ತು ತಾನಾಗಿ ತಿರುಗಿತು. ಎರಡು ವರ್ಷವೂ ತುಂಬಿರದ ಹುಡುಗ ಹಳಿಯ ಕಡೆ ತಪ್ಪುಹೆಜ್ಜೆ ಹಾಕುತ್ತಿದ್ದ. ಅವನನ್ನು ಹಿಡಿದು ಅವಳ ಕೈಗೆ ಕೊಟ್ಟು, ಈ ಹೆಸರು ಯಾರು ಇಟ್ಟರು ಎಂದು ಕೇಳಿದೆ. ಚಿತ್ತಾಪುರ ಕಡೆಯವಳು, ಹೊಳೆಯ ಆಚೆ ದಂಡೆಯ ಹಳ್ಳಿ.

"ಹೊಳಿ ದಾಟಸೋ ಆಕಿ ಇಟ್ಟಾಳಪ. ಇಂಥ ಹೆಸರು ಎಲ್ಲಿ ಹುಡುಕಿದ್ರೂ ಸಿಗಂಗಿಲ್ಲ. ಇವನಿಗೊಬ್ಬನಿಗೇ ಅಂತ ಗಂಗವ್ವನ ಆಣಿ ಮಾಡ್ಯಾಳ."

ಹೇಳುತ್ತ ಹೇಳುತ್ತ ಅವಳು ಮಗನ ಹಣೆ ಮುಟ್ಟಿ ನೋಡಿದಳು.

ಅವ್ವ ಮೊರ ತಿರುಗಿ ಕೊಟ್ಟು ಬಂದ ಎಷ್ಟೋ ದಿನಗಳ ಮೇಲೆ ಹುಟ್ಟಿದ ಕೂಸು ಅದು. ಅಂದರೆ ಅಷ್ಟಾದ ಮೇಲೂ ಅವಳು ಅದೇ ನೀರು ಮುಟ್ಟಿ ಅದೇ ಮಾತು ಆಡಿದ್ದಳು. ಎಷ್ಟು ತಾಯಂದಿರಿಗೆ ಆಡಿದ್ದಳೋ. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಎಂದು ನಂಬಿಕೊಂಡು ಮಲಗಿದ್ದಳು, ನಮ್ಮವ್ವ ಮಲಗಿದ್ದ ಹಾಗೆ.

ನಿನ್ನ ಹೆಸರೇನಪ್ಪ ಎಂದು ಅವಳು ಕೇಳಿದಳು. ಶರಣಬಸಪ್ಪ ಎಂದೆ. ಬಹಳ ಒಳ್ಳೆಯ ಹೆಸರು, ನಮ್ಮೂರಲ್ಲೂ ಇದ್ದಾರೆ ಎಂದಳು. ಹೊಳಿಯವ್ವ ಸತ್ತದ್ದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ನಾನು ಅದನ್ನೂ ಹೇಳಲಿಲ್ಲ, ತೆಂಗಳಿಯ ಹುಡುಗನ ವಿಷಯವನ್ನೂ ಹೇಳಲಿಲ್ಲ.

ಅವಳ ಗಾಡಿ ಬಂತು. ಅವಳು ಗಂಟು ಮೊದಲು ಒಳಗಿಟ್ಟು, ಮಗನಿಗಾಗಿ ಕೈ ಚಾಚಿ ಇನ್ನೊಮ್ಮೆ ಹೆಸರು ಹಿಡಿದು ಕರೆದಳು. ನಾನು ಗಾಡಿಗೆ ಬೆನ್ನು ಮಾಡಿ, ಎರಡೂ ಕೈಯಿಂದ ನನ್ನ ಟ್ರಂಕು ಗಟ್ಟಿಯಾಗಿ ಹಿಡಿದುಕೊಂಡು, ಈ ಸಲ ತಿರುಗದೆ ನಿಂತೆ.